ಕೋಣೆ ಇದೆ, ಅಲ್ಲಿಗೆ ಬರುವುದು ಹೇಗೆ?

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಹೊರರೋಗಿ ವಿಭಾಗದ ಮುಂದೆ ಬೆಳಕು ಹರಿಯುವ ಹೊತ್ತಿಗೇ ಸಾಲು ಬೆಳೆದಿರುತ್ತದೆ. ಕೋಲಾರ, ಪಾವಗಡ, ಬಳ್ಳಾರಿ ಕಡೆಯವರು, ಗಡಿಯಾಚೆಯಿಂದ ಬಂದ ತೆಲುಗರು, ತಮಿಳರು. ಕೈಯಲ್ಲಿ ಸ್ಕ್ಯಾನಿಂಗ್ ಕವರು, ಊಟದ ಡಬ್ಬಿ. ಲಕ್ವ ಹೊಡೆದವರನ್ನು ಗುರುತಿಸುವುದು ಕಷ್ಟವಲ್ಲ: ಒಂದು ಕೈ ಎದೆಗೆ ಮಡಚಿಕೊಂಡಿರುತ್ತದೆ, ಪಕ್ಕದಲ್ಲಿ ರಟ್ಟೆ ಹಿಡಿದ ಹೆಂಡತಿಯೋ ಮಗನೋ ಇರುತ್ತಾರೆ.

ನರರೋಗಿಗಳ ಪುನಶ್ಚೇತನ ವಿಭಾಗದ ವ್ಯಾಯಾಮ ಕೋಣೆಯಲ್ಲಿ ಐವತ್ತು ದಾಟಿದ ರೈತರೊಬ್ಬರು ಎರಡು ಕಂಬಿಗಳ ನಡುವೆ ನಡೆಯುತ್ತಿದ್ದರು. ಎಡಗಾಲು ನೇರ ಮುಂದೆ ಬರದೆ ಹೊರಗಿನಿಂದ ಸುತ್ತು ಹಾಕಿಕೊಂಡು ಬರುತ್ತಿತ್ತು. “ಸೊಂಟ ಎತ್ತಬೇಡಿ ಯಜಮಾನ್ರೇ, ಮಂಡಿ ಮಡಚಿ,” ಎನ್ನುತ್ತ ಥೆರಪಿಸ್ಟ್ ಅವರ ಮಂಡಿಯ ಹಿಂದೆ ಎರಡು ಬೆರಳಿಟ್ಟು ತಟ್ಟಿದರು. ಮತ್ತೆ ಅದೇ ಹೆಜ್ಜೆ, ಮತ್ತೆ ತಟ್ಟುವುದು. ನಾಲ್ಕಾರು ಸಲದ ಮೇಲೆ ಮಂಡಿ ಒಮ್ಮೆ ಮಡಚಿತು. ಅಂಗಿಯ ಗುಂಡಿ ಹಾಕುವುದು, ಲೋಟಕ್ಕೆ ನೀರು ಬಗ್ಗಿಸುವುದು, ಲೋಟದ ಚಿತ್ರ ನೋಡಿ ಅದರ ಹೆಸರು ಹೇಳುವುದು, ಎಲ್ಲವನ್ನೂ ಹೀಗೆಯೇ ಹೊಸದಾಗಿ ಕಲಿಯಬೇಕು. ಮೆದುಳು ಹೆಚ್ಚು ಚೇತರಿಸಿಕೊಳ್ಳುವುದು ಮೊದಲ ಮೂರು ತಿಂಗಳಲ್ಲಿ.

ಆ ಮೂರು ತಿಂಗಳು ಎಲ್ಲಿ ಹೋಗುತ್ತವೆ ಎಂಬುದನ್ನು ರೈತರ ಪತ್ನಿಯ ಬಾಯಲ್ಲೇ ಕೇಳಬೇಕು. ಊರ ಹತ್ತಿರದ ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ “ಮನೇಲಿ ಕೈಕಾಲು ಆಡಿಸ್ತಾ ಇರಿ” ಎಂದಷ್ಟೇ ಹೇಳಿದ್ದರಂತೆ. ಹೇಗೆ, ಎಷ್ಟು ಹೊತ್ತು ಎಂದು ತೋರಿಸಿದವರಿಲ್ಲ. ನೆಂಟರ ಮಾತಿಗೆ ನಾಟಿ ಔಷಧಿಯೂ ಆಯಿತು, ಪಾರಿವಾಳದ ರಕ್ತ ಸವರಿದ್ದೂ ಆಯಿತು. ಈಗ ಬಸ್ಸಿನಲ್ಲಿ ಬರುತ್ತಾರೆ. 2023ರ ಜೂನ್‌ನಿಂದ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆಯಲ್ಲಿ ಆಕೆಗೆ ಟಿಕೆಟ್ ದುಡ್ಡಿಲ್ಲ. ಆದರೆ ಬಸ್ಸಿನ ಮೊದಲ ಮೆಟ್ಟಿಲಿಗೆ ಗಂಡನ ಕಾಲು ಏರುವುದಿಲ್ಲ, ಯಾರಾದರೂ ಎತ್ತಿ ಹತ್ತಿಸಬೇಕು. ಬಂದ ದಿನ ಆಕೆಯ ಕೂಲಿಯೂ ಹೋಗುತ್ತದೆ. “ನಾನೇ ಬಿದ್ದಿದ್ರೆ ಯಾರು ಕರ್ಕಂಡು ಬರೋರು?” ಎಂದರು ಆಕೆ. ನನಗೆ ಉತ್ತರ ತೋಚಲಿಲ್ಲ. ಗಂಡಸರ ಜೊತೆ ಹೆಂಡತಿ ಬಂದೇ ಬರುತ್ತಾಳೆ. ಹೆಂಗಸರು ಮಗನಿಗೆ ರಜೆ ಸಿಗುವವರೆಗೆ ಕಾಯಬೇಕು.

ಮನೆಯವರಿಗೇ ವ್ಯಾಯಾಮ ಕಲಿಸಿಬಿಟ್ಟರಾಯಿತಲ್ಲ ಎನ್ನುವವರಿದ್ದಾರೆ. ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳ ಮೇಲೆ ನಡೆದ ‘ಅಟೆಂಡ್’ ಅಧ್ಯಯನ ಅದನ್ನೇ ಪರೀಕ್ಷಿಸಿತು; ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಆರು ತಿಂಗಳ ನಂತರ, ಮನೆಯವರಿಗೆ ತರಬೇತಿ ಕೊಟ್ಟ ಗುಂಪಿನಲ್ಲೂ ಕೊಡದ ಗುಂಪಿನಲ್ಲೂ ತೀರಿಕೊಂಡವರು ಮತ್ತು ಪರಾವಲಂಬಿಗಳಾದವರು ಸೇರಿ ಶೇ 47ರಷ್ಟೇ ಇದ್ದರು. ಮನೆಯವರ ಪ್ರೀತಿ ದೊಡ್ಡದು, ನಿಜ. ಆದರೆ ಮಂಡಿಯ ಹಿಂದಿನ ಆ ಎರಡು ಬೆರಳಿಗೆ ವರ್ಷಗಳ ಕಲಿಕೆ ಇದೆ. ಆ ಕೆಲಸವನ್ನು ದಣಿದ ಹೆಂಡತಿಯ ಹೆಗಲಿಗೆ ಹಾಕಿ ಸರ್ಕಾರ ಸುಮ್ಮನಿರುವಂತಿಲ್ಲ.

ಮಾತು ಕಳೆದುಕೊಂಡವರ ಪಾಡು ಇನ್ನೂ ಕಷ್ಟ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿದೆ. ಬೀದರ್‌ನವರು ವಾರವಾರ ಅಲ್ಲಿಗೆ ಹೋಗಿ ಬರಲು ಸಾಧ್ಯವೇ?

2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳಿನ ಕಾಯಿಲೆಗಳಿಗೆ ಕ್ಲಿನಿಕ್ ತೆರೆಯುವ ದಾರಿ ಹಿಡಿದಿದೆ. ಸರಿಯಾದ ದಾರಿಯೇ. ಅದು ಜಿಲ್ಲಾ ಕೇಂದ್ರದಲ್ಲಿ ನಿಲ್ಲದೆ, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಕಾಯಂ ಫಿಸಿಯೋಥೆರಪಿಸ್ಟ್ ಇರುವಂತಾಗಬೇಕು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಲಕ್ವ ಹೊಡೆದಿದ್ದರೆ, ಡಿಸ್ಚಾರ್ಜ್ ಚೀಟಿ ತೆಗೆದುಕೊಳ್ಳುವ ಮುಂಚೆ ಡಾಕ್ಟರನ್ನು ಕೇಳಿ: ನಾಳೆಯಿಂದ ವ್ಯಾಯಾಮ ಎಲ್ಲಿ, ಯಾರ ಹತ್ತಿರ? ಉತ್ತರವನ್ನು ಆ ಚೀಟಿಯಲ್ಲೇ ಬರೆಸಿಕೊಳ್ಳಿ.