ಓದುವ ಹುಮ್ಮಸ್ಸು ಎಲ್ಲಿಂದ ಬರುತ್ತದೆ?

ಕಾಲೇಜಿನಲ್ಲಿ ವಿದ್ಯಾರ್ಥಿಯೊಬ್ಬ ಹಿಂದೆ ಬಿದ್ದರೆ ‘ಅವನಿಗೆ ಓದಿನಲ್ಲಿ ಆಸಕ್ತಿಯಿಲ್ಲ’ ಎಂದು ಮಾತು ಮುಗಿಸಿಬಿಡುತ್ತೇವೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಅಧ್ಯಾಪಕರೂ ಹೀಗೇ ಹೇಳುತ್ತಿದ್ದರು. ಮೊದಲ ವರ್ಷದ ಕ್ಯಾಲ್ಕುಲಸ್‌ನಲ್ಲಿ ಆಫ್ರಿಕನ್ ಮೂಲದ ವಿದ್ಯಾರ್ಥಿಗಳು ಸಾಲುಸಾಲಾಗಿ ಫೇಲಾಗುತ್ತಿದ್ದರು. ಚೀನೀ ಮೂಲದವರು ಒಳ್ಳೆಯ ಅಂಕ ಪಡೆಯುತ್ತಿದ್ದರು. ಅಲ್ಲಿ ಗಣಿತದ ಸಂಶೋಧನೆಯಲ್ಲಿ ತೊಡಗಿದ್ದ ಯೂರಿ ಟ್ರೈಸ್‌ಮನ್ ಊಹೆಯನ್ನು ನಂಬಲಿಲ್ಲ. ಎರಡೂ ಗುಂಪುಗಳಿಂದ 20 ಮಂದಿಯಂತೆ ಆರಿಸಿ, ಅವರು ಓದುವ ಜಾಗಕ್ಕೇ ಹೋಗಿ ಗಮನಿಸಿದರು.

ಫೇಲಾದವರಲ್ಲಿ ಆಸಕ್ತಿಗೇನೂ ಕೊರತೆಯಿರಲಿಲ್ಲ. ಅಧ್ಯಾಪಕರು ಹೇಳಿದಂತೆ ವಾರಕ್ಕೆ 8 ಗಂಟೆ ಕೂತು ಲೆಕ್ಕ ಮಾಡುತ್ತಿದ್ದರು, ಆದರೆ ಒಬ್ಬೊಬ್ಬರೇ. ಉತ್ತರ ತಪ್ಪಿದಾಗ ಲೆಕ್ಕವೇ ಕಷ್ಟದ್ದೋ, ತನ್ನ ತಲೆಗೇ ಹತ್ತುತ್ತಿಲ್ಲವೋ ಎಂದು ತಿಳಿಯಲು ದಾರಿಯಿರಲಿಲ್ಲ. ಚೀನೀ ಮೂಲದವರು ಸುಮಾರು 14 ಗಂಟೆ ಓದುತ್ತಿದ್ದರು. ಮೊದಲು ತಾವೇ ಬಿಡಿಸಿ ನೋಡಿ, ಆಮೇಲೆ ಒಟ್ಟಿಗೆ ಸೇರಿ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು, ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದರು, ಜೊತೆಗೇ ಉಣ್ಣುತ್ತಿದ್ದರು.

ಟ್ರೈಸ್‌ಮನ್ ಇದನ್ನೇ ಕಾರ್ಯಾಗಾರವಾಗಿಸಿದರು. ‘ದಡ್ಡರಿಗೆ ಟ್ಯೂಷನ್’ ಎಂಬ ಹಣೆಪಟ್ಟಿ ಅಂಟದಂತೆ, ಚೆನ್ನಾಗಿ ಓದುವ ಹಂಬಲವುಳ್ಳವರಿಗೆಂದೇ ಅದನ್ನು ತೆರೆದರು. ಸುಲಭದ ಲೆಕ್ಕಗಳ ಬದಲು ಬೇಕೆಂದೇ ಕಠಿಣ ಲೆಕ್ಕಗಳನ್ನು ಕೊಟ್ಟು, ಗುಂಪಿನಲ್ಲಿ ಚರ್ಚಿಸಲು ಬಿಟ್ಟರು. ಅಲ್ಲಿಗೆ ಬಂದವರಲ್ಲಿ ಫೇಲಾಗುವವರ ಪ್ರಮಾಣ ತೀರಾ ಕುಸಿಯಿತು.

ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದ ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಸಿದ್ಧಾಂತ ಇದಕ್ಕೆ ಕಾರಣ ಹೇಳುತ್ತದೆ. ಒಳಗಿನ ಹುಮ್ಮಸ್ಸು ಉಳಿಯಲು ಮೂರು ಬೇಕು: ಇದು ನಾನೇ ಆರಿಸಿಕೊಂಡದ್ದು ಎಂಬ ಭಾವ, ನನ್ನಿಂದಾಗುತ್ತದೆ ಎಂಬ ಅನುಭವ, ಇವರೆಲ್ಲ ನನ್ನವರು ಎಂಬ ನಂಟು. ಬರೀ ಆಮಿಷ ಈ ಮೂರರ ಜಾಗ ತುಂಬಲಾರದು. ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ‘ಸೋಮಾ’ ಎಂಬ ಏಳು ತುಂಡುಗಳ ಒಗಟು ಜೋಡಿಸಬೇಕಿತ್ತು. ಅರ್ಧದಷ್ಟು ಮಂದಿಗೆ ಎರಡನೆಯ ದಿನ ಪ್ರತಿ ಒಗಟಿಗೆ 1 ಡಾಲರ್ ಕೊಟ್ಟು, ಮೂರನೆಯ ದಿನ ನಿಲ್ಲಿಸಿದರು. ಬಿಡುವಿನ ಎಂಟು ನಿಮಿಷಗಳಲ್ಲಿ ಅವರು ಏನು ಮಾಡುತ್ತಾರೆಂದು ಮರೆಯಲ್ಲಿ ಕೂತು ನೋಡಿದಾಗ, ಹಣ ಪಡೆದವರು ಒಗಟಿನ ಮೇಲೆ ಕಳೆದ ಸಮಯ ಮೊದಲಿಗಿಂತ ಕಡಿಮೆಯಾಗಿತ್ತು. ಬಹುಮಾನ ಆಸಕ್ತಿಯನ್ನು ಕುಗ್ಗಿಸಬಲ್ಲದೆಂಬುದನ್ನು ನಂತರದ ಅನೇಕ ಪ್ರಯೋಗಗಳೂ ತೋರಿಸಿದವು.

ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್ ಸೇರಿದವರು ಮೊದಲ ಸೆಮಿಸ್ಟರ್‌ನಲ್ಲಿ ಕಂಗಾಲಾಗುವುದು ಅಪರೂಪವಲ್ಲ. ಅವರಿಗೆ ಇಂಟರ್ನಲ್ ಮಾರ್ಕ್ಸ್‌ನ ಬೆದರಿಕೆಗಿಂತ ಹಾಸ್ಟೆಲಿನಲ್ಲಿ ನಾಲ್ಕು ಜನ ಕೂತು ಕನ್ನಡದಲ್ಲೇ ಚರ್ಚಿಸುವ ಒಂದು ಗಂಟೆ ಹೆಚ್ಚು ಬಲ ಕೊಡಬಲ್ಲದು. ಅಂಥ ಗುಂಪು ತಾನಾಗಿಯೇ ಹುಟ್ಟಲೆಂದು ಕಾಯಬೇಕಿಲ್ಲ. ತರಗತಿ ಶುರುವಾದ ಮೊದಲ ವಾರದಲ್ಲೇ ಅಧ್ಯಾಪಕರು ಅದನ್ನು ಕಟ್ಟಿಕೊಡಬಹುದು.