ಕಂಟೇನರ್ ಸಾಗಣೆಯಲ್ಲಿ ಬಂದರುಗಳ ಪೈಪೋಟಿ: ಕೊಳ್ಳೇಗಾಲ ಭಾಗದ ರಫ್ತುದಾರರಿಗೆ ಮಾಹಿತಿ

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಉದ್ಯಮಿಗಳು ರಫ್ತು ನೋಂದಣಿಗೆ ಅರ್ಜಿ ಸಲ್ಲಿಸುವಾಗ, ರಸ್ತೆಯಲ್ಲಿ ಮಂಗಳೂರು ಹತ್ತಿರವಿದ್ದರೂ ಸರಕನ್ನು ಚೆನ್ನೈಗೆ ಏಕೆ ಕಳುಹಿಸಬೇಕೆಂದು ವಿಚಾರಿಸುವುದುಂಟು. ಈ ಬಗ್ಗೆ ಸಾರ್ವಜನಿಕರ ತಿಳಿವಳಿಕೆಗಾಗಿ ಕೆಳಕಂಡ ವಿವರಗಳನ್ನು ನೀಡಲಾಗಿದೆ.

1. ಸರಕು ಸಾಗುವ ದಾರಿ

ರೇಷ್ಮೆ ಹಗುರ ಹಾಗೂ ಬೆಲೆಯುಳ್ಳ ಸರಕಾದುದರಿಂದ ವಿಮಾನದ ವೆಚ್ಚವನ್ನು ಭರಿಸಬಲ್ಲದು. ಗ್ರಾನೈಟ್ ಭಾರವಾದುದರಿಂದ ಅದಕ್ಕೆ ಹಡಗೇ ಗತಿ. ಕೊಳ್ಳೇಗಾಲಕ್ಕೆ ರೈಲು ಸಂಪರ್ಕವಿಲ್ಲ. ಸರಕನ್ನು ಲಾರಿಯಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಒಳನಾಡು ಕಂಟೇನರ್ ಡಿಪೋಗೆ ತಲುಪಿಸಿದಲ್ಲಿ, ಸುಂಕದ ತಪಾಸಣೆ ಅಲ್ಲಿಯೇ ಮುಗಿದು, ರೈಲಿನಲ್ಲಿ ಚೆನ್ನೈ ಬಂದರಿಗೆ ಸಾಗಿಸಬಹುದು.

2. ನವ ಮಂಗಳೂರು ಬಂದರು

ಪಣಂಬೂರಿನ ಈ ಬಂದರನ್ನು 1974ರಲ್ಲಿ ಪ್ರಮುಖ ಬಂದರೆಂದು ಘೋಷಿಸಿ, 1975ರ ಜನವರಿ 11ರಂದು ಉದ್ಘಾಟಿಸಲಾಯಿತು. ಕಚ್ಚಾತೈಲ, ಕಲ್ಲಿದ್ದಲು, ಅದಿರು ಇಲ್ಲಿನ ಮುಖ್ಯ ಸರಕುಗಳು. ಕಾಫಿ ಮತ್ತು ಗೋಡಂಬಿ ಕಂಟೇನರುಗಳಲ್ಲಿ ಸಾಗುತ್ತವೆ. 20 ಅಡಿ ಉದ್ದದ ಪೆಟ್ಟಿಗೆಯನ್ನು ಒಂದು ಘಟಕವೆಂದು ಎಣಿಸಿದಲ್ಲಿ, ಇತ್ತೀಚಿನ ವರ್ಷಗಳಲ್ಲಿ ಇಲ್ಲಿನ ವಾರ್ಷಿಕ ಪ್ರಮಾಣ ಸುಮಾರು ಒಂದೂವರೆಯಿಂದ ಎರಡು ಲಕ್ಷ. ಮುಂಬೈ ಸಮೀಪದ ನ್ಹಾವಾ ಶೇವಾ ಬಂದರು 2023-24ರಲ್ಲಿ 64 ಲಕ್ಷಕ್ಕೂ ಹೆಚ್ಚು ಘಟಕಗಳನ್ನು ನಿರ್ವಹಿಸಿತು.

ಸರಕು ಕಡಿಮೆಯಿದ್ದಲ್ಲಿ ಹಡಗುಗಳು ವಿರಳವಾಗಿ ಬರುತ್ತವೆ. ಹಡಗುಗಳು ವಿರಳವಾದಲ್ಲಿ ರಫ್ತುದಾರರು ಬೇರೆ ಬಂದರನ್ನು ಆಶ್ರಯಿಸುತ್ತಾರೆ. ಈ ವರ್ತುಲವನ್ನು ಮುರಿಯುವುದೇ ಪೈಪೋಟಿಯ ತಿರುಳು.

3. ಪೈಪೋಟಿಗೆ ಅಗತ್ಯವಾದ ಅಂಶಗಳು

(ಅ) ನಿಗದಿತ ಹಡಗು: ಸರಕು ಪೂರ್ತಿ ತುಂಬದಿದ್ದರೂ ಗೊತ್ತಾದ ದಿನದಂದು ಹೊರಡುವ ಹಡಗಿದ್ದಲ್ಲಿ ಮಾತ್ರ ರಫ್ತುದಾರನು ವಿದೇಶದ ಖರೀದಿದಾರನಿಗೆ ದಿನಾಂಕ ಕೊಡಬಲ್ಲನು.

(ಆ) ಘಟ್ಟದ ದಾರಿ: ಮಡಿಕೇರಿ-ಸಂಪಾಜೆ ರಸ್ತೆ ಹಾಗೂ ಸಕಲೇಶಪುರ-ಸುಬ್ರಹ್ಮಣ್ಯ ರೈಲು ಮಾರ್ಗಗಳೆರಡೂ 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಸ್ಥಗಿತಗೊಂಡಿದ್ದವು. ಮಳೆಗಾಲದಲ್ಲಿಯೂ ದಾರಿ ತೆರೆದಿರುತ್ತದೆಂಬ ಭರವಸೆಯಿಲ್ಲದೆ ಒಳನಾಡಿನ ಸರಕು ಕರಾವಳಿಗೆ ಇಳಿಯದು.

(ಇ) ಖಾಲಿ ಪೆಟ್ಟಿಗೆಗಳು: ಆಮದು ಕಡಿಮೆಯಿರುವ ಬಂದರಿಗೆ ಖಾಲಿ ಪೆಟ್ಟಿಗೆಗಳನ್ನು ತರಿಸಬೇಕಾಗುತ್ತದೆ. ಆ ವೆಚ್ಚ ರಫ್ತುದಾರನ ಮೇಲೆಯೇ ಬೀಳುತ್ತದೆ.

(ಈ) ದೊಡ್ಡ ಬಂದರಿನ ನಂಟು: ಬೃಹತ್ ಹಡಗುಗಳು ಆಳವಾದ ಬಂದರುಗಳಿಗೆ ಮಾತ್ರ ಬರುತ್ತವೆ, ಉಳಿದೆಡೆಯ ಸರಕನ್ನು ಸಣ್ಣ ಹಡಗುಗಳು ಅಲ್ಲಿಗೆ ಮುಟ್ಟಿಸುತ್ತವೆ. ಬಹುಕಾಲದಿಂದ ಕೊಲಂಬೊ ಇಂತಹ ಕೇಂದ್ರವಾಗಿದೆ. 2025ರ ಮೇ 2ರಂದು ಕೇರಳದ ವಿಳಿಂಞಂ ಬಂದರು ಲೋಕಾರ್ಪಣೆಗೊಂಡ ನಂತರ ದೇಶದೊಳಗೇ ಮತ್ತೊಂದು ಆಯ್ಕೆ ದೊರೆತಿದೆ. ಇವುಗಳೊಡನೆ ಪೈಪೋಟಿಗಿಳಿಯುವ ಬದಲು ನಿಯಮಿತ ಸಂಪರ್ಕ ಹೊಂದುವುದೇ ಮಂಗಳೂರಿಗೆ ಲಾಭಕರ.

4. ಅರ್ಜಿದಾರರ ಗಮನಕ್ಕೆ

ರಫ್ತು ಮಾಡಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು-ರಫ್ತು ಸಂಕೇತ ಸಂಖ್ಯೆಯನ್ನು ಪಡೆಯತಕ್ಕದ್ದು. ಇದಕ್ಕೆ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸಬಹುದು. ಪ್ಯಾನ್ ಸಂಖ್ಯೆಯೇ ಸಂಕೇತ ಸಂಖ್ಯೆಯಾಗಿರುತ್ತದೆ.

ಸಾಗಣೆ ಏಜೆಂಟರಿಂದ ಕನಿಷ್ಠ ಎರಡು ಬಂದರುಗಳ ದರಪಟ್ಟಿಯನ್ನು ಲಿಖಿತವಾಗಿ ಪಡೆಯುವುದು ಸೂಕ್ತ. ಅದರಲ್ಲಿ ಲಾರಿ ಬಾಡಿಗೆ, ಬಂದರು ಶುಲ್ಕ, ಹಡಗಿನ ಬಾಡಿಗೆ ಹಾಗೂ ಸರಕು ತಲುಪುವ ದಿನಗಳು ಪ್ರತ್ಯೇಕವಾಗಿ ನಮೂದಾಗಿರಬೇಕು. ಲಾರಿ ಬಾಡಿಗೆಯೊಂದನ್ನೇ ನೋಡಿ ಬಂದರನ್ನು ಆರಿಸಿದಲ್ಲಿ, ಅಲ್ಲಿ ಉಳಿಸಿದ ಹಣ ಬಂದರಿನಲ್ಲಿ ಹಡಗು ಕಾಯುವುದರಲ್ಲಿ ವ್ಯಯವಾದೀತು.