ಬೀದಿಯ ಎಚ್ಚರ, ಮನೆಯ ನಿದ್ದೆ

ರೈಲು ನಿಲ್ದಾಣದಲ್ಲಿ ವರ್ಷಗಟ್ಟಲೆ ಕಳೆದ ಹುಡುಗ ಆಶ್ರಯಮನೆಗೆ ಬಂದ ಹೊಸತರಲ್ಲಿ ಮಂಚದ ಮೇಲೆ ಮಲಗುವುದು ಕಡಿಮೆ. ಬಾಗಿಲ ಹತ್ತಿರ, ಗೋಡೆಗೆ ಬೆನ್ನು ಕೊಟ್ಟು, ನೆಲದ ಮೇಲೆ ಮುದುಡಿಕೊಳ್ಳುತ್ತಾನೆ. ಊಟಕ್ಕೆ ಕೂತರೆ ಗಬಗಬನೆ ತಿಂದು ಮುಗಿಸಿ, ಒಂದು ಚಪಾತಿಯನ್ನು ಮಡಿಚಿ ಚಡ್ಡಿ ಜೇಬಿಗೆ ಸೇರಿಸುತ್ತಾನೆ. ಮರುದಿನ ಕಸ ಗುಡಿಸುವಾಗ ಅದು ದಿಂಬಿನ ಕೆಳಗೆ ಒಣಗಿಕೊಂಡು ಸಿಗುತ್ತದೆ. ಹಿಂದಿನಿಂದ ಯಾರಾದರೂ ಹೆಗಲು ಮುಟ್ಟಿದರೆ ಮೊದಲು ಕೈ ಎತ್ತುತ್ತಾನೆ, ಆಮೇಲೆ ಮುಖ ನೋಡುತ್ತಾನೆ. ಇಂಥವನ್ನು ಕೆಟ್ಟ ಚಾಳಿ ಎಂದು ಬದಿಗಿಡುವುದು ಸುಲಭ. ಆದರೆ ಶರೀರವಿಜ್ಞಾನದ ಕಣ್ಣಿಗೆ ಇದು ಬೀದಿಯಲ್ಲಿ ಜೀವ ಉಳಿಸಿಕೊಳ್ಳಲು ಎಳೆಯ ದೇಹವೊಂದು ಬಹಳ ಚೆನ್ನಾಗಿ ಕಲಿತ ಪಾಠ.

ಅಪಾಯ ಕಂಡಾಗ ಮಿದುಳಿನ ಆಳದಲ್ಲಿರುವ ಹೈಪೊಥಲಮಸ್ ಪಿಟ್ಯುಟರಿ ಗ್ರಂಥಿಗೆ ಸುಳಿವು ಕೊಡುತ್ತದೆ. ಅದು ರಕ್ತದ ಮೂಲಕ ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯನ್ನು ಎಚ್ಚರಿಸುತ್ತದೆ. ಅಲ್ಲಿಂದ ಕಾರ್ಟಿಸಾಲ್ ಎಂಬ ಚೋದಕ ಹೊರಬೀಳುತ್ತದೆ. ಸಾಮಾನ್ಯ ಬದುಕಿನಲ್ಲಿ ಈ ಚೋದಕಕ್ಕೆ ದಿನದ ಒಂದು ಲಯವಿದೆ: ಬೆಳಿಗ್ಗೆ ಎದ್ದ ಅರ್ಧ ಗಂಟೆಯಲ್ಲಿ ಉತ್ತುಂಗಕ್ಕೇರಿ, ಸಂಜೆಯ ಹೊತ್ತಿಗೆ ಇಳಿದು, ನಡುರಾತ್ರಿ ತಳ ಮುಟ್ಟುತ್ತದೆ. ಅಪಾಯವೇ ದಿನಚರಿಯಾದಾಗ ಈ ಲಯ ಕೆಡುತ್ತದೆ. ಕೆಲವು ಮಕ್ಕಳಲ್ಲಿ ಕಾರ್ಟಿಸಾಲ್ ಸದಾ ಏರಿಕೆಯಲ್ಲಿಯೇ ಉಳಿದರೆ, ದೀರ್ಘಕಾಲ ಆರೈಕೆಯಿಲ್ಲದೆ ಬೆಳೆದ ಇನ್ನು ಕೆಲವರಲ್ಲಿ ಅದು ಏಳುವುದನ್ನೇ ಬಿಟ್ಟು ಚಪ್ಪಟೆಯಾಗುತ್ತದೆ. ಭಯವನ್ನು ಗುರುತಿಸುವ ಅಮಿಗ್ಡಲ ಚುರುಕಾಗುತ್ತದೆ. ತಾಳ್ಮೆ, ಲೆಕ್ಕಾಚಾರ, ಮುಂದಾಲೋಚನೆಗಳನ್ನು ನಡೆಸುವ ಹಣೆಯ ಹಿಂದಿನ ಮಿದುಳಿನ ಭಾಗಕ್ಕೆ ಬೆಳೆಯಲು ಬಿಡುವೇ ಸಿಗುವುದಿಲ್ಲ.

ಇದರ ಜೊತೆಗೆ ಸಲ್ಯೂಷನ್. ಪಂಕ್ಚರ್ ಅಂಗಡಿಯ ಅಂಟನ್ನು ಬಟ್ಟೆಯ ತುಂಡಿಗೆ ಸವರಿ ಮೂಗಿಗೆ ಹಿಡಿಯುವ ಹುಡುಗನಿಗೆ ಅದರಲ್ಲಿರುವ ಟೊಲುಯೀನ್‌ನ ಹೆಸರು ಗೊತ್ತಿರುವುದಿಲ್ಲ. ಹಸಿವು ಮತ್ತು ಚಳಿ ಒಂದಷ್ಟು ಹೊತ್ತು ಮರೆಯುತ್ತವೆ ಎಂಬುದು ಮಾತ್ರ ಗೊತ್ತು. ಕೊಬ್ಬಿನಲ್ಲಿ ಸುಲಭವಾಗಿ ಕರಗುವ ಈ ದ್ರಾವಕ ಶ್ವಾಸಕೋಶದಿಂದ ಕ್ಷಣಗಳಲ್ಲಿ ಮಿದುಳಿಗೆ ತಲುಪುತ್ತದೆ, ಮತ್ತು ವರ್ಷಗಳ ಸೇವನೆಯಲ್ಲಿ ನರತಂತುಗಳ ಸುತ್ತಲಿನ ಕೊಬ್ಬಿನ ಹೊದಿಕೆಯನ್ನು ಹಾಳುಗೆಡವುತ್ತದೆ. ಆಶ್ರಯಮನೆಗೆ ಬರುವ ಹುಡುಗ ಬರಿಯ ಮನಸ್ಸಿನ ಗಾಯವನ್ನಷ್ಟೇ ಹೊತ್ತು ತಂದಿರುವುದಿಲ್ಲ.

ಇಂಥ ಮಕ್ಕಳನ್ನು ಹೇಗೆ ನೋಡಿಕೊಳ್ಳಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕಿದ ಒಬ್ಬ ಪಾದ್ರಿಗೆ ಕಾರ್ಟಿಸಾಲ್ ಗೊತ್ತಿರಲು ಸಾಧ್ಯವಿರಲಿಲ್ಲ. ಜಾನ್ ಬಾಸ್ಕೊ 1841ರಲ್ಲಿ ಗುರುದೀಕ್ಷೆ ಪಡೆದು ಇಟಲಿಯ ಟ್ಯೂರಿನ್ ನಗರಕ್ಕೆ ಬಂದಾಗ, ಹಳ್ಳಿಗಳಿಂದ ಗಾರೆ ಕೆಲಸಕ್ಕೂ ಹೊಗೆಕೊಳವೆ ಗುಡಿಸುವುದಕ್ಕೂ ಬಂದ ಹುಡುಗರಿಂದ ಅದರ ಬೀದಿಗಳು ತುಂಬಿದ್ದವು. ಸೆರೆಮನೆಗಳಿಗೆ ಭೇಟಿ ಕೊಡುತ್ತಿದ್ದ ಬಾಸ್ಕೊ ಅವರ ಕಣ್ಣಿಗೆ ಬಿದ್ದ ಸಂಗತಿ ಒಂದೇ: ಬಿಡುಗಡೆಯಾದ ಹುಡುಗರು ಹೊರಗೆ ಕೇಳುವವರಿಲ್ಲದೆ ಮತ್ತೆ ಅಲ್ಲಿಗೇ ಮರಳುತ್ತಿದ್ದರು. 1846ರಲ್ಲಿ ವಾಲ್ಡೊಕ್ಕೊ ಎಂಬಲ್ಲಿ ಒಂದು ಕೊಟ್ಟಿಗೆಯಂಥ ಜಾಗ ಸಿಕ್ಕಿತು. ಮರುವರ್ಷದಿಂದ ಮನೆಯಿಲ್ಲದ ಹುಡುಗರು ಅಲ್ಲಿಯೇ ಮಲಗತೊಡಗಿದರು. ಹುಡುಗರನ್ನು ಕಸುಬಿಗೆ ಸೇರಿಸುವಾಗ ಅವರು ಮಾಲೀಕರಿಂದ ಬರಹದ ಕರಾರು ಮಾಡಿಸಿಕೊಳ್ಳುತ್ತಿದ್ದರು. ಬಡಗಿಯೊಬ್ಬನೊಡನೆ 1852ರಲ್ಲಿ ಆದ ಅಂಥ ಕರಾರಿನಲ್ಲಿ, ಹುಡುಗ ತಪ್ಪಿದರೆ ಮಾತಿನಿಂದ ಮಾತ್ರ ತಿದ್ದಬೇಕು ಎಂಬ ಷರತ್ತಿದೆ. 1877ರಲ್ಲಿ ಅವರು ತಮ್ಮ ಕ್ರಮವನ್ನು ಬರೆದಿಟ್ಟಾಗ ಅದನ್ನು ವಿವೇಕ, ಧರ್ಮಶ್ರದ್ಧೆ, ಅಕ್ಕರೆ ಎಂಬ ಮೂರರ ಮೇಲೆ ನಿಲ್ಲಿಸಿದರು. ಶಿಕ್ಷಕ ಹುಡುಗರ ಮೇಲೆ ಕಾವಲು ಕೂರದೆ ಅವರ ಆಟದ ಬಯಲಿನಲ್ಲಿಯೇ ಇರಬೇಕು ಎಂಬುದು ಅದರ ತಿರುಳು.

ಬಾಸ್ಕೊ ಕಟ್ಟಿದ ಸಲೇಸಿಯನ್ ಸಭೆ 1906ರಲ್ಲಿ ತಂಜಾವೂರಿನ ಮೂಲಕ ಭಾರತಕ್ಕೆ ಬಂತು. 1980ರಲ್ಲಿ, ಬೆಂಗಳೂರಿನಲ್ಲಿ ದೇವಶಾಸ್ತ್ರ ಓದುತ್ತಿದ್ದ ಈ ಸಭೆಯ ಕೆಲವು ವಿದ್ಯಾರ್ಥಿಗಳು ಬೀದಿಗಿಳಿದು ಚಿಂದಿ ಆಯುವ ಹುಡುಗರ ಗೆಳೆತನ ಬೆಳೆಸಿದರು. ಅದರಿಂದ ಹುಟ್ಟಿದ ಸಂಸ್ಥೆಗೆ ಬೆಂಗಳೂರು ಓಣಿಯವರ ಸೇವಾ ಕೂಟ ಎಂದು ಹೆಸರಿಟ್ಟರು. ಜನರ ಬಾಯಲ್ಲಿ ಅದು ಬಾಸ್ಕೊ. ಇಲ್ಲಿ ಕ್ರಮದ ಮೊದಲ ಹೆಜ್ಜೆ ಮನೆಯಲ್ಲ, ಪ್ಲಾಟ್‌ಫಾರಂ. ಕಾರ್ಯಕರ್ತರು ನಿಲ್ದಾಣದಲ್ಲಿ ಮಕ್ಕಳನ್ನು ಕಂಡು, ಮಾತಾಡಿಸಿ, ಹತ್ತಿರವಾಗುತ್ತಾರೆ. ಸ್ನಾನ, ಊಟ, ರಾತ್ರಿ ತಂಗಲು ಜಾಗ ಆಮೇಲೆ ಬರುತ್ತವೆ. ಎಳೆದು ತಂದ ಮಗು ಓಡಿಹೋಗುತ್ತದೆ ಎಂಬುದನ್ನು ಈ ಕೆಲಸದಲ್ಲಿರುವವರಿಗೆ ಯಾವ ಪ್ರಯೋಗಾಲಯವೂ ಹೇಳಿಕೊಡಬೇಕಿಲ್ಲ.

ಆದರೂ ಪ್ರಯೋಗಾಲಯ ಹೇಳಿದ ಒಂದು ಮಾತು ಇಲ್ಲಿ ಬೆಳಕು ಕೊಡುತ್ತದೆ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 28 ಪುಟ್ಟ ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವದು. ಅರ್ಧದಷ್ಟು ಮಕ್ಕಳಿಗೆ ದೊಡ್ಡವರು ಕೊಟ್ಟ ಮಾತನ್ನು ಮೊದಲೇ ತಪ್ಪಿದ್ದರು, ಉಳಿದವರಿಗೆ ನಡೆಸಿಕೊಟ್ಟಿದ್ದರು. ಬಳಿಕ ಎದುರಿಗೆ ಒಂದು ಮಿಠಾಯಿ ಇಟ್ಟು, ತಿನ್ನದೆ ಕಾದರೆ ಎರಡು ಕೊಡುವುದಾಗಿ ಹೇಳಿದಾಗ, ಮಾತು ಉಳಿದಿದ್ದ ಗುಂಪು ಸರಾಸರಿ 12 ನಿಮಿಷ ಕಾದಿತು, ಮೋಸ ಹೋಗಿದ್ದ ಗುಂಪು 3 ನಿಮಿಷ. ತಾಳ್ಮೆ ಮಗುವಿನೊಳಗಿನ ಗುಣವಷ್ಟೇ ಆಗಿದ್ದರೆ ಈ ಅಂತರ ಬರುತ್ತಿರಲಿಲ್ಲ. ನಾಳೆ ಸಿಗುತ್ತದೋ ಇಲ್ಲವೋ ತಿಳಿಯದ ಕಡೆ ಇಂದೇ ತಿನ್ನುವುದು ಸರಿಯಾದ ಲೆಕ್ಕ. ದಿಂಬಿನ ಕೆಳಗಿನ ಚಪಾತಿಯೂ ಅದೇ ಲೆಕ್ಕದ್ದು. ಅದನ್ನು ಕಸಿದುಕೊಂಡರೆ ಲೆಕ್ಕ ಸರಿಯೆಂದು ಸಾಬೀತಾಗುತ್ತದೆ, ದಿನವೂ ಅದೇ ಹೊತ್ತಿಗೆ ಊಟದ ಗಂಟೆ ಬಾರಿಸಿದರೆ ಎಂದೋ ಒಂದು ದಿನ ಅಡಗಿಸಿಡುವುದು ತಾನಾಗಿ ನಿಲ್ಲುತ್ತದೆ. ಬೆಳಗಿನ ಪ್ರಾರ್ಥನೆ, ಶಾಲೆ, ಆಟ, ಊಟ, ದೀಪ ಆರಿಸುವ ಹೊತ್ತು ಎಂಬ ನೀರಸವಾಗಿ ಕಾಣುವ ವೇಳಾಪಟ್ಟಿ ನಿಜದಲ್ಲಿ ಒಂದು ಚಿಕಿತ್ಸೆ.

ಆದರೆ ಗಂಟೆ ಹೊಡೆಯುವ ಕಟ್ಟಡವೊಂದೇ ಸಾಲದು ಎಂಬುದಕ್ಕೆ ರೊಮೇನಿಯಾ ನೋವಿನ ಸಾಕ್ಷಿ. ಅಲ್ಲಿನ ಸರ್ಕಾರಿ ಅನಾಥಾಲಯಗಳಲ್ಲಿ ಹೊತ್ತಿಗೆ ಸರಿಯಾಗಿ ಊಟವಿತ್ತು, ಎತ್ತಿಕೊಳ್ಳುವವರಿರಲಿಲ್ಲ. ಈ ಶತಮಾನದ ಆರಂಭದಲ್ಲಿ ಬುಖಾರೆಸ್ಟ್‌ನಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ 136 ಕೂಸುಗಳ ಅಧ್ಯಯನ ಆರಂಭಿಸಿದರು. ಚೀಟಿ ಎತ್ತಿದ ರೀತಿಯಲ್ಲಿ ಅರ್ಧದಷ್ಟು ಮಕ್ಕಳು ಸಾಕುಕುಟುಂಬಗಳಿಗೆ ಹೋದರು. ಹಾಗೆ ಹೋದವರು ಬುದ್ಧಿಶಕ್ತಿಯಲ್ಲೂ ಇನ್ನೊಬ್ಬರನ್ನು ಹಚ್ಚಿಕೊಳ್ಳುವುದರಲ್ಲೂ ಮುಂದೆ ಬಂದರು, ಅದರಲ್ಲೂ 2 ವರ್ಷ ತುಂಬುವ ಮೊದಲು ಹೋದವರು. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಎಮ್ಮಿ ವರ್ನರ್ ಕಂಡದ್ದೂ ಇದಕ್ಕೆ ಹೊಂದುತ್ತದೆ: ಬಡತನ, ಕಲಹಗಳ ನಡುವೆ ಬೆಳೆದರೂ ಗಟ್ಟಿಯಾಗಿ ನಿಂತವರ ಬದುಕಿನಲ್ಲಿ, ಹೆತ್ತವರೋ ಅಜ್ಜಿಯೋ ನೆರೆಯವರೋ, ಬಿಟ್ಟುಹೋಗದ ಒಬ್ಬ ಹಿರಿಯರು ಇದ್ದರು. ಭಾರತದ 2015ರ ಬಾಲನ್ಯಾಯ ಕಾಯ್ದೆ ಮಗುವನ್ನು ಸಂಸ್ಥೆಯಲ್ಲಿ ಇಡುವುದನ್ನು ಕೊನೆಯ ದಾರಿ ಎಂದು ಕರೆದಿರುವುದು ಇದೇ ತಿಳಿವಳಿಕೆಯಿಂದ. ಆದ್ದರಿಂದ ಒಂದು ಆಶ್ರಯಮನೆಯನ್ನು ಅಳೆಯುವಾಗ ಎಷ್ಟು ಮಂಚಗಳಿವೆ ಎಂದು ಕೇಳುವುದಕ್ಕಿಂತ, ಮಕ್ಕಳು ಅಣ್ಣ, ಅಕ್ಕ, ಬ್ರದರ್ ಎಂದು ಕರೆಯುವವರು ಎಷ್ಟು ವರ್ಷ ಅಲ್ಲೇ ಉಳಿಯುತ್ತಾರೆ ಎಂದು ಕೇಳಬೇಕು. ಸಾಧ್ಯವಿರುವ ಮಗುವನ್ನು ಅದರ ಮನೆಗೆ ತಲುಪಿಸುವುದು ಇನ್ನೂ ದೊಡ್ಡ ಕೆಲಸ.

ಎರಡು ವರ್ಷದ ಗಡಿಯ ಮಾತು ಕೇಳಿದಾಗ ಹನ್ನೆರಡರ ವಯಸ್ಸಿಗೆ ಬೀದಿಯಿಂದ ಬಂದವನ ಗತಿಯೇನು ಎಂಬ ಆತಂಕ ಏಳುವುದು ಸಹಜ. ಇದಕ್ಕೆ ಮಿನಸೋಟ ವಿಶ್ವವಿದ್ಯಾಲಯದ ಮೇಗನ್ ಗನ್ನರ್ ಮತ್ತು ಸಂಗಡಿಗರು 2019ರಲ್ಲಿ ಕೊಟ್ಟ ಉತ್ತರ ಬೆರಗು ಹುಟ್ಟಿಸುವಂಥದು. ಅನಾಥಾಲಯಗಳಿಂದ ದತ್ತು ಹೋದ ಮಕ್ಕಳ ಮಂಕಾದ ಕಾರ್ಟಿಸಾಲ್ ಪ್ರತಿಕ್ರಿಯೆ, ಒಳ್ಳೆಯ ಆರೈಕೆಯ ನಡುವೆ ಅವರು ಪ್ರಾಯಕ್ಕೆ ಕಾಲಿಡುತ್ತಿದ್ದಂತೆ ಇತರ ಮಕ್ಕಳ ಮಟ್ಟಕ್ಕೆ ಮರಳುತ್ತ ಬಂದದ್ದನ್ನು ಅವರು ದಾಖಲಿಸಿದರು. ಮೀಸೆ ಚಿಗುರುವ ಕಾಲದಲ್ಲಿ ಒತ್ತಡದ ವ್ಯವಸ್ಥೆ ತನ್ನನ್ನು ಮತ್ತೊಮ್ಮೆ ಹೊಂದಿಸಿಕೊಳ್ಳುತ್ತದೆ ಎಂದಾಯಿತು. ಆ ಮಕ್ಕಳು ಕುಟುಂಬಗಳಲ್ಲಿದ್ದವರು, ಆಶ್ರಯಮನೆಯಲ್ಲಿದ್ದವರಲ್ಲ ಎಂಬುದನ್ನು ಮರೆಯಬಾರದು. ಆದರೂ ಹದಿಹರೆಯದ ಹುಡುಗನನ್ನು ಕೈಬಿಟ್ಟ ಲೆಕ್ಕಕ್ಕೆ ಸೇರಿಸಲು ಜೀವಶಾಸ್ತ್ರದಲ್ಲಿ ಆಧಾರವಿಲ್ಲ.

ಕಾನೂನಿನ ಪ್ರಕಾರ ಹುಡುಗ 18ಕ್ಕೆ ಮಕ್ಕಳ ಮನೆ ಬಿಡಬೇಕು. ನಂತರದ ಆಸರೆಗೆ 21ರವರೆಗೆ ಅವಕಾಶವಿದೆ. ಹಣೆಯ ಹಿಂದಿನ ಮಿದುಳಿನ ಬೆಳವಣಿಗೆ ಇಪ್ಪತ್ತೈದರ ಸುಮಾರಿನವರೆಗೂ ಮುಂದುವರಿಯುತ್ತದೆ, ಬೀದಿಯಲ್ಲಿ ಬೆಳೆದವನಿಗೆ ಅದು ಬೇಗ ಮುಗಿಯುವ ಯಾವ ಕಾರಣವೂ ಇಲ್ಲ. ವೆಲ್ಡಿಂಗ್ ಕಲಿತು ಕೆಲಸಕ್ಕೆ ಸೇರಿದವನು ಮೇಸ್ತ್ರಿಯೊಡನೆ ಜಗಳವಾಡಿ ಕೆಲಸ ಬಿಟ್ಟಾಗ, ಜ್ವರ ಬಂದಾಗ, ಹೆಣ್ಣು ನೋಡಲು ಹೋಗುವಾಗ ಹಿರಿಯರು ಬೇಕಾದಾಗ, ಅವನು ಬಂದು ನಿಲ್ಲುವುದು ಆ ಹಳೆಯ ಗೇಟಿನ ಮುಂದೆಯೇ. ಆಗ ಅವನ ವಯಸ್ಸು ಕೇಳದೆ ಒಳಗೆ ಕರೆಯುವ ಅಣ್ಣನೊಬ್ಬ ಅಲ್ಲಿ ಇನ್ನೂ ಕೆಲಸದಲ್ಲಿರಬೇಕಾಗುತ್ತದೆ.